ಅಕ್ಕ ಬರೆದಿಟ್ಟ ವಿಳಾಸ

ಅಕ್ಟೋಬರ್ ೨೮

ಜೇನಮ್ಮನವರಿಗೆ,

ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಿದೆ. ಮುಂದೆ ಏನನ್ನು ಸ್ಟೇಟ್ ಮಾಡಬೇಕೋ ಇಂಗ್ಲಿಷಿನಲ್ಲಿ ಹೊಳೆಯದೆ ಆ ಹಾಳೆಯನ್ನು ಹರಿದೆ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು ಅರ್ಜಿಯ ಮೊದಲ ಸಾಲು ಮತ್ತು ರಜಾಚೀಟಿಯ ಕೊನೆಯ ಸಾಲು. ನಡುವಿನದೆಲ್ಲ ಬಾದಾಮಿ ಮಿಲ್ಲಿನ ತೂಕದ ಮನೆಯಲ್ಲಿ ಗಾಡಿ ತೂಗುತ್ತಾ ತೂಗುತ್ತಾ ಉದುರಿಹೋಯಿತು.

ನಾನು ಯಾರೆಂದು ನಿಮಗೆ ನೆನಪಿರಲಾರದು. ನಮ್ಮ ತೋಟದಲ್ಲಿ ನೀವು ಪ್ರತಿವರ್ಷ ಹೂವಿನ ಕಾಲಕ್ಕೆ ಲಾರಿಯಿಂದ ಜೇನುಪೆಟ್ಟಿಗೆ ಇಳಿಸುವಾಗ, ಟೀ ಲೋಟ ಹಿಡಿದು ದೂರದಲ್ಲೇ ನಿಂತು ‘ಕಚ್ಚುತ್ತಾ?’ ಎಂದು ಕೇಳುತ್ತಿದ್ದವನೇ ನಾನು. ನಿಮಗೆ ಕಿವಿ ಕೇಳುವುದಿಲ್ಲ, ಆದ್ದರಿಂದ ಆ ಪ್ರಶ್ನೆಗೆ ಇಷ್ಟು ವರ್ಷವೂ ಉತ್ತರ ಸಿಗಲಿಲ್ಲ.

ಕಾಯಿ ಉದುರಿಸುವ ಕೆಲಸ ಮುಗಿದ ವಾರವೇ, ನೀವು ಅಕ್ಕ ಎಂದು ಕರೆಯುತ್ತಿದ್ದ ನನ್ನ ಹೆಂಡತಿ ತೀರಿಕೊಂಡಳೆಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆ. ನಿಮ್ಮಿಂದ ಉತ್ತರ ಬರಲಿಲ್ಲ. ಪತ್ರ ತಲುಪಿತೋ ಇಲ್ಲವೋ. ಅವಳು ನಿಮ್ಮ ವಿಳಾಸವನ್ನು ವರ್ಷದ ಮೊದಲಲ್ಲೇ ಲಕೋಟೆಗಳ ಮೇಲೆ ಬರೆದು ಕಟ್ಟು ಕಟ್ಟಿ ಇಟ್ಟುಕೊಳ್ಳುತ್ತಿದ್ದಳು. ಬರೆದಿಟ್ಟದ್ದನ್ನು ಹಾಳುಮಾಡುವುದೇಕೆ ಎಂದು ಆ ಪತ್ರವನ್ನೂ ಈ ಪತ್ರವನ್ನೂ ಅವುಗಳಲ್ಲೇ ಹಾಕಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಸಲವೂ ನೀವು ಬರಬೇಕು. ಜೇನು ಬಾರದಿದ್ದರೆ ಬಾದಾಮಿ ಮರ ಮೈತುಂಬ ಹೂ ಬಿಟ್ಟು, ಫೋಟೋ ತೆಗೆಸಿಕೊಂಡು, ಕಾಯಿ ಕಚ್ಚದೆ ಸುಮ್ಮನಾಗುತ್ತದೆ. ಈ ತೋಟ ಅವಳು ಸಸಿಯಿಂದ ಎಬ್ಬಿಸಿದ್ದು. ಅವಳು ಹೋದ ಮೊದಲ ವರ್ಷವೇ ಅದು ಬರಡಾದರೆ ನಾನು ಅವಳ ಫೋಟೋದ ಎದುರು ಹೇಗೆ ಊಟಕ್ಕೆ ಕೂರಲಿ?

ನಿಮಗಾಗಿ ತೋಟವನ್ನು ಒಪ್ಪ ಮಾಡಿದ್ದೇನೆ. ಸಾಲುಗಳ ನಡುವೆ ಅವಳು ಬೆಳೆಯಲು ಬಿಟ್ಟಿದ್ದ ಸಾಸಿವೆ, ಕಳೆ ಎಲ್ಲ ಕೀಳಿಸಿ, ನೆಲ ಕೇರಂ ಬೋರ್ಡಿನಂತಾಗಿದೆ. ನೀರಿನ ತೊಟ್ಟಿಯಲ್ಲಿ ಅದೆಷ್ಟೋ ಹಳೇ ಸೀಸೆಗಳ ಬೆಂಡಿನ ಬಿರಡೆಗಳು ತೇಲುತ್ತಿದ್ದವು, ಪಾಚಿ ಹಿಡಿದು. ಎಲ್ಲ ತೆಗೆದು, ತೊಟ್ಟಿ ಉಜ್ಜಿ, ಕನ್ನಡಿಯಂಥ ನೀರು ಅಂಚಿನವರೆಗೆ ತುಂಬಿಸಿದ್ದೇನೆ. ನಿಮ್ಮ ಹುಳಗಳು ಮುಖ ನೋಡಿಕೊಂಡು ಕುಡಿಯಬಹುದು.

ಯುವರ್ಸ್ ಒಬೀಡಿಯೆಂಟ್ಲಿ,
ಟೀ ಲೋಟದ ಭಾವ


ನವೆಂಬರ್ ೧೧

ತೋಟದ ಯಜಮಾನರಿಗೆ,

ಎರಡು ಪತ್ರಗಳೂ ಬಂದವು.

ಈ ಸಲ ಪೆಟ್ಟಿಗೆ ತರಲು ಆಗುವುದಿಲ್ಲ. ಹೋದ ಸಲ ನಿಮ್ಮ ಎದುರು ತೋಟದವರು ಹೂ ಬಿರಿದಿದ್ದಾಗಲೇ ಮಟಮಟ ಮಧ್ಯಾಹ್ನ ಔಷಧಿ ಹೊಡೆದರು. ಪ್ರತಿ ಪೆಟ್ಟಿಗೆಯ ಬಾಗಿಲಲ್ಲೂ ಹುಳ ಗುಡ್ಡೆಯಾಗಿ ಬಿದ್ದದ್ದನ್ನು ನೀವೂ ನೋಡಿದ್ದೀರಿ. ಉಳಿದ ಗೂಡುಗಳು ಇನ್ನೂ ಚೇತರಿಸಿಕೊಳ್ಳುತ್ತಿವೆ.

ಸಾಸಿವೆಯನ್ನು ಯಾಕೆ ಕೀಳಿಸಿದಿರಿ? ಬಾದಾಮಿ ಅರಳುವ ಮುಂಚೆ ಹುಳಕ್ಕೆ ಹೊಟ್ಟೆಗೆ ಸಿಗಲೆಂದು, ಅರಳಿ ಉದುರಿದ ಮೇಲೂ ಸಿಗಲೆಂದು ಅದನ್ನು ಬಿತ್ತುವುದು. ತೊಟ್ಟಿಯಲ್ಲಿ ಇದ್ದದ್ದು ಕಸ ಅಲ್ಲ.

ಇನ್ನು ಮುಂದೆ ಬರೆಯುವುದಾದರೆ ಲಕೋಟೆಯ ಮೇಲಿನ ವಿಳಾಸವನ್ನು ನೀವೇ ಬರೆಯಿರಿ.

ಜೇನು ಸಾಕುವವಳು


ನವೆಂಬರ್ ೧೯

ಜೇನಮ್ಮನವರಿಗೆ,

ಹೋದ ವರ್ಷದವರೆಗೆ ಭಾವನಾಗಿದ್ದೆ, ಈಗ ಯಜಮಾನನಾದೆ. ಬಡ್ತಿ ಸಿಕ್ಕಿತೆಂದು ತಿಳಿದುಕೊಳ್ಳುತ್ತೇನೆ.

ನಿಮ್ಮ ಪತ್ರವನ್ನು ಎಷ್ಟು ಸಲ ಮಗುಚಿದರೂ ಅವಳ ಬಗ್ಗೆ ಒಂದು ಮಾತು ಸಿಗಲಿಲ್ಲ. ಎದುರು ತೋಟದವರ ಹತ್ತಿರ ಮಾತಾಡುತ್ತೇನೆಂದು ಅವಳು ನಿಮಗೆ ಮಾತು ಕೊಟ್ಟಿದ್ದಳು, ಅದು ನಡೆಯಲಿಲ್ಲ, ಅದಕ್ಕೇ ಸಿಟ್ಟಿರಬೇಕು. ಕಾಯಿಲೆ ಅವಳಿಗೆ ಸಮಯ ಕೊಡಲಿಲ್ಲ. ಸತ್ತವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಬದುಕಿರುವವನು ಇಲ್ಲೇ ಇದ್ದೇನೆ, ನನ್ನನ್ನು ಬೈಯಿರಿ. ಅವಳ ಕೈಬರಹದ ಲಕೋಟೆ ಅಪಶಕುನ ಎನಿಸಿದ್ದರೆ ಅದೂ ನನ್ನದೇ ತಪ್ಪು. ನೋಡಿ, ಈ ಸಲ ವಿಳಾಸವನ್ನು ನಾನೇ ಬರೆದಿದ್ದೇನೆ. ಅಂಚೆಯಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ವಿಳಾಸನಾ ಯಜಮಾನ್ರೇ, ಇಲ್ಲ ಜಿರಳೆ ಶಾಯಿಲಿ ಬಿದ್ದು ಎದ್ದು ಓಡಿದ್ದಾ?” ಎಂದ.

ನಿಮ್ಮ ಪತ್ರ ಬಂದ ಮಧ್ಯಾಹ್ನ ತೊಟ್ಟಿಯ ಹತ್ತಿರ ಕುರ್ಚಿ ಹಾಕಿ ಕುಳಿತೆ. ಪೆಟ್ಟಿಗೆ ಇಲ್ಲದಿದ್ದರೂ ಎಲ್ಲಿಂದಲೋ ಕಾಡುಜೇನು ಬರುತ್ತದೆ. ಒಂದು ಹುಳ ಬಂದು ಅಂಚಿನ ಮೇಲೆ ಕೂತಿತು, ಬಗ್ಗಿತು, ಜಾರಿತು. ಆಮೇಲೆ ಕನ್ನಡಿಯಂಥ ನನ್ನ ನೀರಿನ ಮೇಲೆ ರೆಕ್ಕೆ ಚಾಚಿ ಮಲಗಿಬಿಟ್ಟಿತು. ಮೂಲೆಯಲ್ಲಿ ನೋಡಿದರೆ ಅಂಥವು ಇನ್ನೂ ಇದ್ದವು. ಚಮಚ ತಂದು ಎತ್ತಿ ಎತ್ತಿ ಬಿಸಿಲಿಗೆ ಇಟ್ಟೆ. ಕೆಲವು ಮೈ ಒರೆಸಿಕೊಂಡು ಹಾರಿದವು. ಕೆಲವು ಹಾರಲಿಲ್ಲ.

ನನ್ನದೊಂದು ದುರ್ಗುಣ ಆ ದಿನ ಉಪಯೋಗಕ್ಕೆ ಬಂತು. ನಾನು ಏನನ್ನೂ ಎಸೆಯುವವನಲ್ಲ. ಬಿರಡೆಗಳೆಲ್ಲ ಚೀಲದಲ್ಲಿ ಕದದ ಹಿಂದೆಯೇ ಇದ್ದವು. ತಿರುಗಿ ತೇಲಿಬಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಒಂದೊಂದು ಬಿರಡೆಯ ಮೇಲೆ ಒಂದೊಂದು ಹುಳ, ದೋಣಿವಿಹಾರಕ್ಕೆ ಬಂದ ದೊಡ್ಡಮನುಷ್ಯರ ಹಾಗೆ ಕುಳಿತು ನೀರು ಕುಡಿಯಿತು. ಅವಳು ಔಷಧಿ ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಎಲ್ಲೆಂದರಲ್ಲಿ ಬಿರಡೆ ಕೇಳಿ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಾಗ “ಏನೇ ಇದು, ಭಿಕ್ಷೆ ಎತ್ತೋದಾದ್ರೆ ಸೀಸೆ ಸಮೇತ ಎತ್ತು” ಎಂದು ಗೇಲಿ ಮಾಡುತ್ತಿದ್ದೆ. ಅವಳು ನಕ್ಕು ಒಳಗೆ ಹೋಗುತ್ತಿದ್ದಳು. ಕಾರಣ ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಅವಳು ಬೂದಿ ಬೆರೆಸಿ ಎತ್ತಿಟ್ಟಿದ್ದ ಸಾಸಿವೆ ಬೀಜದ ಡಬ್ಬ ಸಿಕ್ಕಿತು. ಒಗ್ಗರಣೆಗೆಂದು ಹುಡುಕಿದ್ದು. ಬೂದಿ ಕಂಡು, ಇದು ಬಾಣಲೆಗಲ್ಲ ಭೂಮಿಗೆ ಎಂದು ಅರ್ಥವಾಯಿತು. ಕೇರಂ ಬೋರ್ಡನ್ನು ಪುನಃ ಕೆದರಿಸಿ ಬಿತ್ತಿದ್ದೇನೆ. ಕೋಳಿಗೆ ಕಾಳು ಎರಚಿದಂತೆ ಎರಚಿದೆ. ಬೇರೆ ವಿಧಾನ ಇದ್ದರೆ ತಿಳಿಸಬೇಕು.

ಬನ್ನಿ. ಬರಲಾಗದಿದ್ದರೆ ಬೈಯಲಿಕ್ಕಾದರೂ ಬರೆಯಿರಿ.

ಯುವರ್ಸ್ ಒಬೀಡಿಯೆಂಟ್ಲಿ,
(ಬಡ್ತಿ ಬೇಡದ) ಭಾವ


ಡಿಸೆಂಬರ್ ೨೦

ಭಾವನವರಿಗೆ,

ನಿಮ್ಮ ಪತ್ರ ಎರಡು ಊರು ಸುತ್ತಿ ಬಂತು. ನಮ್ಮ ಅಂಚೆಯವರು ತಂದುಕೊಟ್ಟು, “ನಿಮ್ಗೇ ಇರ್ಬೇಕಮ್ಮ, ಬೇರೆ ಯಾರೂ ಓದಕ್ಕಾಗ್ಲಿಲ್ಲ” ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ತಡವಾದ ಉತ್ತರಕ್ಕೆ ಅದೇ ಕಾರಣ.

ಅಪಶಕುನದ ಮಾತಲ್ಲ. ಸಿಟ್ಟೂ ಅಲ್ಲ. ಅದನ್ನು ಈಗ ಬಿಡಿ.

ಎರಚಿದ್ದು ಸರಿಯಾಗಿಯೇ ಇದೆ. ಸಾಸಿವೆಗೆ ಯಾರ ಉಪಚಾರವೂ ಬೇಡ, ಯಾರೂ ಕೀಳದಿದ್ದರೆ ಸಾಕು.

ಎದುರು ತೋಟದವರ ಹತ್ತಿರ ಅಕ್ಕ ಆಡಬೇಕಾಗಿದ್ದ ಮಾತು ಈಗ ನಿಮ್ಮ ಪಾಲಿಗೆ ಬಂದಿದೆ. ಕೀಟಕ್ಕೆ ಹೊಡೆಯುವ ಔಷಧಿಯನ್ನು ಹೂವಿನ ಕಾಲದಲ್ಲಿ ಹೊಡೆಯಲೇಬಾರದು. ಮರಕ್ಕೆ ಬೂಷ್ಟು ಹಿಡಿದು ಹೊಡೆಯಲೇಬೇಕಾಗಿ ಬಂದರೆ ಹೊತ್ತು ಮುಳುಗಿ, ಜೇನು ಗೂಡು ಸೇರಿದ ಮೇಲೆ ಹೊಡೆಯಲಿ. ಬೆಳಗಾಗುವಷ್ಟರಲ್ಲಿ ಹೂವಿನ ಮೇಲಿನ ಔಷಧಿ ಒಣಗಿರುತ್ತದೆ. ಎರಡು ಔಷಧಿ ಕಲಸಿ ಒಂದೇ ಪಂಪಿಗೆ ಸುರಿಯುವುದು ಬೇಡ. ಒಂದೊಂದೇ ಆದರೆ ತಡೆದುಕೊಳ್ಳುವ ಹುಳ ಎರಡೂ ಕೂಡಿದರೆ ತಡೆಯುವುದಿಲ್ಲ. ಹೊಡೆಯುವ ಮುಂಚೆ ನಮಗೆ ಒಂದು ಮಾತು ಹೇಳಲಿ. ಇಷ್ಟಕ್ಕೆ ಅವರು ಒಪ್ಪಿದರೆ ನಾನು ಯೋಚಿಸುತ್ತೇನೆ. ಯೋಚಿಸುತ್ತೇನೆ ಎಂದೆ, ಬರುತ್ತೇನೆ ಎನ್ನಲಿಲ್ಲ.

ದಯವಿಟ್ಟು ಅವರ ಹತ್ತಿರ ಇಂಗ್ಲಿಷ್ ಮಾತಾಡಬೇಡಿ.

ಜೇನಮ್ಮ


ಜನವರಿ ೯

ಜೇನಮ್ಮ,

ಇಂಗ್ಲಿಷ್ ಬೇಡ ಎಂದಿರಿ. ಬಾಯಿಂದ ಜಾರಿಬಿಟ್ಟಿತು.

ಎದುರು ತೋಟದವರನ್ನು ನಾವು ಪಂಪಣ್ಣ ಎನ್ನುತ್ತೇವೆ. ಔಷಧಿ ಪಂಪು ಬೆನ್ನಿಗಿಲ್ಲದೆ ಅವರನ್ನು ಕಂಡವರು ಕಡಿಮೆ, ಅದಕ್ಕೆ ಆ ಹೆಸರು. ಜಗಲಿಯ ಮೇಲೆ ಕುಳಿತು ಪಂಪಿನ ಮೂತಿಯನ್ನು ಸೂಜಿಯಿಂದ ಚುಚ್ಚುತ್ತಿದ್ದರು.

“ಏನು, ಜೇನುಹುಳದ ವಕೀಲರು ಬಂದ್ರು?”

“ಐ ಬೆಗ್ ಟು ಸ್ಟೇಟ್...” ಎಂದೆ.

“ಬೇಡ ಮಾರಾಯ್ರೇ. ಬೆಳಗ್ಗಿಂದ್ಲೇ ಹೊಟ್ಟೆ ಸರಿ ಇಲ್ಲ ನಂಗೆ.”

ನೀವು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. “ನಿಮ್ ತೋಟದ ಹುಳಕ್ಕೆ ನಾನ್ಯಾಕೆ ಗಡಿಯಾರ ನೋಡ್ಲಿ? ನನ್ ಮರ, ನನ್ ಔಷಧಿ.”

ಆಗ ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ತೆಗೆದೆ. “ಪಂಪಣ್ಣ, ನಿಮ್ಮ ಗಾಡಿ ಇಷ್ಟು ವರ್ಷ ತೂಗಿದೋನು ನಾನು. ನಮ್ಮ ಬೇಲಿ ಪಕ್ಕದ ಸಾಲಿನ ಗಾಡಿ ಯಾವಾಗ್ಲೂ ಭಾರ. ಆಚೆ ತುದಿದು ಯಾವಾಗ್ಲೂ ಹಗುರ.”

“ಬೇಲಿ ಕಡೆ ಮಣ್ಣು ಚೆನ್ನಾಗೈತೆ.”

“ಸರಿ. ಹೋದ ಸಲ ಜೇನು ಸತ್ತ ಮೇಲೆ ಆ ಗಾಡಿನೂ ಹಗುರ ಬಂತಲ್ಲ, ಆವಾಗ ಮಣ್ಣು ಎಲ್ಲಿಗೆ ಹೋಗಿತ್ತು? ನೆಂಟರ ಮನೆಗಾ?”

ಸೂಜಿ ನಿಂತಿತು. ಒಳಗಿನಿಂದ ಅವರ ಹೆಂಡತಿ, “ನಾನು ಆವಾಗ್ಲೇ ಬಡ್ಕೊಂಡೆ. ಹುಳ ಬೇಲಿ ನೋಡ್ಕೊಂಡು ಬರುತ್ತಾ ಅಂತ. ಕಟ್ಕೊಂಡೋಳು ಹೇಳಿದ್ರೆ ಗಾಳಿಗೆ, ತೂಕದೋರು ಹೇಳಿದ್ರೆ ತಲೆಗೆ!” ಎಂದರು.

“ನೀನ್ ಸುಮ್ನಿರೆ” ಎಂದರು ಪಂಪಣ್ಣ. ಆದರೆ ದನಿ ಇಳಿದಿತ್ತು. “ಹೊತ್ತು ಮುಳುಗಿದ್ ಮೇಲೆ ಆಳು ಯಾರು ಬರ್ತಾರೆ? ಕತ್ಲಲ್ಲಿ ಮರ ಯಾವ್ದು, ನಾನ್ಯಾವ್ದು?”

“ದೀಪ ನಾನು ಹಿಡೀತೀನಿ.”

“ನೀವಾ! ಒಂದು ಹುಳ ಗುಂಯ್ ಅಂದ್ರೆ ಟೀ ಲೋಟ ಬಿಸಾಕಿ ಓಡೋರು!”

“ಆ ಹೊತ್ನಲ್ಲಿ ಹುಳ ಮಲಗಿರ್ತವಲ್ಲ, ಅದಕ್ಕೇ ಧೈರ್ಯ.”

ಅವರು ನಕ್ಕರು. ನಗಿಸಿದ ಮೇಲೆ ಅರ್ಧ ಕೆಲಸ ಆದಂತೆ ಎಂದು ಅವಳು ಹೇಳುತ್ತಿದ್ದಳು. ಉಳಿದರ್ಧವನ್ನು ಅವರ ಹೆಂಡತಿ ಊಟಕ್ಕೆ ಎಲೆ ಹಾಕುವ ಮುಂಚೆ ಮುಗಿಸಿಕೊಟ್ಟರು. ಹೂವಿನ ಕಾಲದಲ್ಲಿ ಕೀಟದ ಔಷಧಿ ಇಲ್ಲ. ಬೂಷ್ಟಿನದು ಹೊತ್ತು ಮುಳುಗಿದ ಮೇಲೆ, ಬೇರೇನೂ ಕಲಸದೆ. ಹೊಡೆಯುವ ದಿನ ಬೇಲಿಗೆ ಒಂದು ಕೆಂಪು ಟವೆಲ್ಲು ಕಟ್ಟುತ್ತಾರೆ. ಅದನ್ನು ಕಂಡರೆ ನಾನು ದೀಪ ತೆಗೆದುಕೊಂಡು ಹೋಗಬೇಕು.

ಸಾಸಿವೆ ಮಂಡಿಯವರೆಗೆ ಬಂದಿದೆ, ತುದಿಯಲ್ಲಿ ಹಳದಿ ಇಣುಕುತ್ತಿದೆ. ಬಾದಾಮಿ ಮೊಗ್ಗು ಬಟಾಣಿಯಷ್ಟಾಗಿದೆ. ನನ್ನ ಅಕ್ಷರದ ಲಕೋಟೆ ಹೋದ ಸಲದ ಹಾಗೆ ಊರು ಸುತ್ತಿದರೆ ಅಷ್ಟರಲ್ಲಿ ಹೂ ಉದುರಿಹೋಗುತ್ತದೆ. ಅದಕ್ಕೆ ನಿಮ್ಮ ಮಾತು ಮೀರಿ ಇದನ್ನು ಅವಳ ಲಕೋಟೆಯಲ್ಲೇ ಹಾಕುತ್ತಿದ್ದೇನೆ. ಕ್ಷಮಿಸಬೇಕು.

ಯುವರ್ಸ್ ಒಬೀಡಿಯೆಂಟ್ಲಿ,
ಭಾವ


ಜನವರಿ ೨೧

ಭಾವ,

ಕಿವಿ ಹೋದವಳಿಗೆ ಕೈಬರಹವೇ ದನಿ. ಫೋನು ನನ್ನ ಪಾಲಿಗೆ ಸೋಪಿನ ಡಬ್ಬ ಇದ್ದ ಹಾಗೆ. ಜನ ನನ್ನ ಹತ್ತಿರ ಮಾತಾಡುವಾಗ ಬಾಯಿ ದೊಡ್ಡದು ಮಾಡುತ್ತಾರೆ, ಇಲ್ಲವೇ ಮಾತು ಚಿಕ್ಕದು ಮಾಡುತ್ತಾರೆ. ಅಕ್ಕ ಮಾತ್ರ ಪೂರ್ತಿ ಮಾತಾಡುತ್ತಿದ್ದರು, ಲಕೋಟೆಯಲ್ಲಿ. ಆ ದುಂಡನೆಯ ಅಕ್ಷರ ಕಂಡರೆ ಗೇಟಿನಿಂದಲೇ ಯಾರೋ ಕೂಗಿ ಕರೆದ ಹಾಗೆ.

ಸೆಪ್ಟೆಂಬರಿನಲ್ಲಿ ನಿಮ್ಮ ಮೊದಲನೆಯದು ಬಂದಾಗ ನಾನು ಪೆಟ್ಟಿಗೆಗಳ ನಡುವೆ ಇದ್ದೆ. ಅಕ್ಕನ ಅಕ್ಷರ! ಒಡೆಯಲಿಲ್ಲ. ಸಂಜೆ ಕೈ ತೊಳೆದು, ಕಾಲು ಚಾಚಿ ಓದೋಣವೆಂದು ಜೇಬಿಗೆ ಹಾಕಿಕೊಂಡು ದಿನವಿಡೀ ಓಡಾಡಿದೆ. ಆಗಾಗ ಮುಟ್ಟಿ ನೋಡಿಕೊಂಡೆ. ಸಂಜೆ ಒಡೆದರೆ ಒಳಗೆ ನಿಮ್ಮ ಜಿರಳೆ ಅಕ್ಷರ, ಅಕ್ಕ ಹೋದರು ಎಂದು. ಹೊರಗೆ ಇದ್ದಾರೆ, ಒಳಗೆ ಇಲ್ಲ. ಆ ಪತ್ರಕ್ಕೆ ಏನೆಂದು ಉತ್ತರ ಬರೆಯಲಿ ಭಾವ? ಅಕ್ಟೋಬರಿನದು ಬಂದಾಗ ಗೊತ್ತಿದ್ದೂ ಮನಸ್ಸು ಒಂದು ಕ್ಷಣ ಎದ್ದು ಕೂತಿತು. ಅದಕ್ಕೇ ವಿಳಾಸ ನೀವೇ ಬರೆಯಿರಿ ಎಂದೆ.

ಹುಳ ಚೇತರಿಸಿಲ್ಲ, ಬರಲಾರೆ ಎಂದದ್ದು ಅರ್ಧ ನಿಜ. ಉಳಿದರ್ಧ ಏನೆಂದರೆ, ಗೇಟಿನಲ್ಲಿ ಅಕ್ಕ ನಿಂತಿರದ ತೋಟಕ್ಕೆ ಲಾರಿ ತಿರುಗಿಸಲು ಹೇಳುವ ಧೈರ್ಯ ನನಗಿರಲಿಲ್ಲ.

ಮೊನ್ನೆ ಮತ್ತೆ ಆ ಅಕ್ಷರ ಬಂತು. ನೀವೇ ಹಾಕಿದ್ದು ಎಂದು ಗೊತ್ತಿತ್ತು. ಆದರೂ ಒಳಗೆ ಸಾಸಿವೆ ಎದ್ದಿದೆ, ಮೊಗ್ಗು ಬಲಿಯುತ್ತಿದೆ, ಪಂಪಣ್ಣ ಒಪ್ಪಿದ್ದಾರೆ. ಅಕ್ಕ ಬರೆದಿದ್ದರೂ ಇದನ್ನೇ ಬರೆಯುತ್ತಿದ್ದರು. ಈ ಸಲ ಹೊರಗೂ ಒಳಗೂ ಒಂದೇ ಆಗಿತ್ತು.

ಮೊಗ್ಗು ತುದಿ ಬಿಳಿಯಾದ ಕೂಡಲೇ ಬರುತ್ತೇನೆ. ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ ಖಾಲಿ ಇರಲಿ. ಮೈ ಬೆಚ್ಚಗಾದ ಹುಳ ಬೇಗ ಕೆಲಸಕ್ಕೆ ಹೋಗುತ್ತದೆ.

ಜೇನಮ್ಮ


ಮಾರ್ಚ್ ೧೮

ನಾದಿನಿಗೆ,

ನೀವು ಹೋಗಿ ವಾರವಾಯಿತು. ಇದ್ದಷ್ಟು ದಿನವೂ ನಿಮ್ಮ ಸ್ಲೇಟಿನ ಮೇಲೆ ಬರೆದು ಬರೆದು ನನ್ನ ಬಳಪ ಮುಗಿದಿತ್ತು. ಆದರೂ ಹೇಳಬೇಕಾದದ್ದು ಉಳಿದೇ ಉಳಿಯಿತು.

ಲಾರಿ ಬಂದ ದಿನ ಗೇಟಿನ ಹತ್ತಿರ ನಾನೇ ನಿಂತಿದ್ದೆ. ಅವಳು ನಿಲ್ಲುತ್ತಿದ್ದ ಜಾಗ ಬಿಟ್ಟು ಸ್ವಲ್ಪ ಈಚೆಗೆ. ನೀವು ಇಳಿದು ಆ ಖಾಲಿ ಜಾಗವನ್ನೂ ನನ್ನನ್ನೂ ನೋಡಿದಿರಿ. ಅಳುತ್ತೀರೇನೋ ಎಂದು ನಾನು ನೆಲ ನೋಡಿದೆ. ನೀವು, “ಟೀ ಎಲ್ಲಿ ಭಾವ?” ಎಂದಿರಿ. ಆ ಪ್ರಶ್ನೆಗೆ ನಾನು ಎಷ್ಟು ಋಣಿ ಎಂದು ನಿಮಗೆ ಗೊತ್ತಿರಲಾರದು. ಆರು ತಿಂಗಳಿಂದ ನನ್ನ ಕೈಯ ಟೀಯನ್ನು ಯಾರೂ ಕೇಳಿರಲಿಲ್ಲ.

ಇನ್ನೊಂದು ವಿಷಯ. ನೀವು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದಿರಿ. ಪ್ರಾರ್ಥನೆ ಎಂದುಕೊಂಡು ನಾನೂ ತಲೆ ಬಗ್ಗಿಸುತ್ತಿದ್ದೆ. ಕೊನೆಗೆ ಒಂದು ದಿನ ನನ್ನ ಕೈ ಎಳೆದು ಅದರ ಮೇಲೆ ಇಟ್ಟಿರಿ. ಒಳಗಿನ ಗುಂಯ್ ಹಲಗೆಯಿಂದ ಅಂಗೈಗೆ, ಅಂಗೈಯಿಂದ ಮೊಣಕೈಗೆ ಬಂತು. ಇಡೀ ಜನ್ಮ ದೂರ ನಿಂತು ‘ಕಚ್ಚುತ್ತಾ?’ ಎಂದವನಿಗೆ ಉತ್ತರ ಸಿಕ್ಕಿತು. ಕಚ್ಚುವುದಿಲ್ಲ, ನಡುಗಿಸುತ್ತದೆ. (ಮರುದಿನ ಕಿವಿಯ ಹಿಂದೆ ಕಚ್ಚಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.)

ಪಂಪಣ್ಣ ಮಾತು ಉಳಿಸಿಕೊಂಡದ್ದನ್ನು ನೀವೂ ಕಂಡಿರಿ. ಟವೆಲ್ಲು ಕಟ್ಟಿದ ಆ ಸಂಜೆ ದೀಪ ಹಿಡಿದು ಹೋದವನು ಮಂಜು ಕುಡಿದು ವಾರವಿಡೀ ಸೀನಿದೆ. ಆದರೆ ಮಾರನೆಯ ಬೆಳಿಗ್ಗೆ ನೀವೂ ನಾನೂ ಪೆಟ್ಟಿಗೆ ಸಾಲಿನ ಮುಂದೆ ಉಸಿರು ಬಿಗಿಹಿಡಿದು ನಡೆದೆವಲ್ಲ, ಬಾಗಿಲಲ್ಲಿ ಎಲ್ಲೂ ಗುಡ್ಡೆ ಇರಲಿಲ್ಲ. ಕಾಲಿಗೆ ಹಳದಿ ಮೆತ್ತಿಕೊಂಡು ಬರುವವು, ಬರಿಗಾಲಲ್ಲಿ ಹೋಗುವವು, ಅಷ್ಟೇ. ಆ ಬೆಳಗ್ಗೆ ನೀವು ನಕ್ಕಿರಿ. ಈಗ ಪಂಪಣ್ಣ ಮಿಲ್ಲಿನಲ್ಲಿ, “ಜೇನು ಸಾಕೋದು ಅಂದ್ರೆ ಸುಮ್ನೆ ಅಲ್ಲ, ಟೈಮಿಂಗ್ ಬೇಕು” ಎಂದು ಎಲ್ಲರಿಗೂ ಪಾಠ ಮಾಡುತ್ತಿದ್ದಾರೆ.

ದಳ ಉದುರಿ ನೆಲ ಬೆಳ್ಳಗಾಗಿದೆ. ಕೊಂಬೆಯಲ್ಲಿ ಬೆಕ್ಕಿನ ಕಿವಿಯಂಥ ಹಸಿರು ನವಿರು ಕಾಯಿ, ಮುಟ್ಟಿದರೆ ಮೆತ್ತಗೆ. ಕಚ್ಚಿದೆ ಜೇನಮ್ಮ. ಈ ತುದಿಯಿಂದ ಆ ತುದಿಯವರೆಗೆ ಕಾಯಿ ಕಚ್ಚಿದೆ. ಅವಳ ಫೋಟೋದ ಎದುರು ಕುಳಿತು ಎರಡು ತುತ್ತು ಹೆಚ್ಚಿಗೆ ಉಂಡೆ.

ವಿಳಾಸ ನಾನೇ ಬರೆದಿದ್ದೇನೆ. ದಿನಾ ಒಂದು ಪುಟ ಕಾಪಿ ಬರೆದು ತಿದ್ದಿದ ಅಕ್ಷರ. ಅಂಚೆಯಣ್ಣ, “ಪರವಾಗಿಲ್ಲ, ಜಿರಳೆ ಈಗ ಸಾಲಲ್ಲಿ ನಡೀತಿದೆ” ಎಂದ.

ಯುವರ್ಸ್ ಒಬೀಡಿಯೆಂಟ್ಲಿ,
ಭಾವ


ಏಪ್ರಿಲ್ ೬

ಭಾವ,

ಪತ್ರ ನೇರವಾಗಿ ಬಂತು, ಯಾವ ಊರನ್ನೂ ಸುತ್ತಲಿಲ್ಲ. ಅಭಿನಂದನೆ.

ನಿಮ್ಮ ತೋಟಕ್ಕೆ ಬಂದಾಗ ಬಡಕಲಾಗಿದ್ದ ಗೂಡುಗಳು ಈಗ ಪೆಟ್ಟಿಗೆ ಸಾಲದಷ್ಟು ತುಂಬಿವೆ. ಹೊಟ್ಟೆ ತುಂಬಿದ ಹುಳ ಕೆಲಸಕ್ಕೂ ಬರುತ್ತದೆ, ಸಂಸಾರಕ್ಕೂ ಬರುತ್ತದೆ. ಎಷ್ಟೋ ತೋಟಗಳಿಗೆ ಹೋಗುತ್ತೇನೆ. ಹುಳ ಕೊಬ್ಬಿ ಹಿಂದಿರುಗುವ ತೋಟ ಕಡಿಮೆ. ನೀವು ಕೃತಜ್ಞತೆ ಹೇಳಿದ್ದೀರಿ, ಅದನ್ನು ಅರ್ಧ ವಾಪಸು ಕಳಿಸುತ್ತಿದ್ದೇನೆ.

ಒಂದು ಕೇಳಬೇಕಿತ್ತು. ಆಗ ಬೇಡ ಎಂದವಳು ನಾನೇ. ಅಕ್ಕನ ಲಕೋಟೆ ಇನ್ನೇನಾದರೂ ಉಳಿದಿದೆಯೇ? ಇದ್ದರೆ ನಿಮ್ಮ ಸೀನಿನ ಸುದ್ದಿಗೆಲ್ಲ ಖರ್ಚು ಮಾಡಬೇಡಿ.

ಜೇನಮ್ಮ


ಮೇ ೨೯

ನಾದಿನಿಗೆ,

ನಿಮ್ಮ ಪ್ರಶ್ನೆಗೆ ಇಷ್ಟು ದಿನ ಉತ್ತರ ಬರೆಯದಿದ್ದುದು ಮರೆವಿನಿಂದಲ್ಲ. ಉತ್ತರ ಒಣಗಬೇಕಾಗಿತ್ತು.

ಉಳಿದಿರುವುದು ಒಂದೇ ಲಕೋಟೆ. ಮೇಜಿನ ಖಾನೆಯಲ್ಲಿ ಅದನ್ನು ನೋಡಿದಾಗಲೆಲ್ಲ, ಇದರೊಳಗೆ ಏನು ಬರೆದು ಹಾಕಲಿ ಎಂದು ಪೆನ್ನು ಎತ್ತುವುದು, ಇಡುವುದು. ಏನು ಬರೆದರೂ ಅದು ನನ್ನದೇ ವಾಚಾಳಿತನ. ಅವಳ ಹೆಸರಿನಲ್ಲಿ ನಿಮ್ಮನ್ನು ಇನ್ನೊಮ್ಮೆ ಕರೆದು ಒಳಗೆ ನಾನೇ ಕುಳಿತಿರುವುದು ನ್ಯಾಯವಲ್ಲ.

ಅಷ್ಟರಲ್ಲಿ ಸಾಸಿವೆ ಕಾಯಿ ಬಲಿಯಿತು. ಪಂಪಣ್ಣನ ಹೆಂಡತಿ ಬಂದು ಬಡಿಯುವುದು, ಕೇರುವುದು ತೋರಿಸಿಕೊಟ್ಟರು. ನಾನು ಕೇರಿದಾಗ ಕಾಳು ಗಾಳಿಗೆ ಹೋಗಿ ಹೊಟ್ಟು ಮೊರದಲ್ಲಿ ಉಳಿಯಿತು. “ಅಯ್ಯೋ ಕೊಡಿ ಇಲ್ಲಿ, ತೂಗೋರ ಕೈಗೆ ಮೊರ ಕೊಟ್ಟೋರ್ಯಾರು!” ಎಂದು ಕಸಿದುಕೊಂಡರು. ಅವರ ತೋಟದ ಸಾಲುಗಳಿಗೂ ಒಂದು ಸೇರು ಒಯ್ದಿದ್ದಾರೆ. ಮುಂದಿನ ಸಲ ಬೇಲಿಯ ಎರಡು ಕಡೆಯೂ ಹಳದಿ ಇರುತ್ತದೆ. ಉಳಿದದ್ದನ್ನು ಒಣಗಿಸಿ, ಬೂದಿ ಬೆರೆಸಿ, ಅದೇ ಡಬ್ಬಕ್ಕೆ ತುಂಬಿ, ಅದೇ ಹಲಗೆಯ ಮೇಲೆ ಇಟ್ಟಿದ್ದೇನೆ.

ಈ ಪತ್ರದ ಜೊತೆಗೇ ಇನ್ನೊಂದು ಲಕೋಟೆ ಅಂಚೆಗೆ ಹಾಕುತ್ತಿದ್ದೇನೆ. ಅದರ ಮೇಲೆ ಅವಳ ಅಕ್ಷರ. ಒಳಗೆ ನನ್ನದು ಒಂದು ಅಕ್ಷರವೂ ಇಲ್ಲ, ಇಂಗ್ಲಿಷೂ ಇಲ್ಲ. ಒಂದು ಹಿಡಿ ಸಾಸಿವೆ ಇದೆ, ಅವಳು ಎತ್ತಿಟ್ಟ ಬೀಜದ ಮಕ್ಕಳು. ನಿಮ್ಮ ಮನೆಯ ಹಿಂದೆ ಪೆಟ್ಟಿಗೆ ಇಡುವ ಜಾಗದಲ್ಲಿ ಎರಚಿ. ಯಾರೂ ಕೀಳದಿದ್ದರೆ ಸಾಕು.

ಬಂದ ಕೂಡಲೇ ಒಡೆಯಬೇಡಿ. ಮೊದಲಿನ ಹಾಗೆ ಜೇಬಿನಲ್ಲಿಟ್ಟುಕೊಂಡು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಾ, ಸಂಜೆಯವರೆಗೆ ಓಡಾಡಿ. ಕೈ ತೊಳೆದು, ಕಾಲು ಚಾಚಿ ಕುಳಿತು ಒಡೆಯಿರಿ. ಈ ಸಲ ಒಳಗೂ ಅವಳೇ ಇರುತ್ತಾಳೆ.

ಯುವರ್ಸ್ ಒಬೀಡಿಯೆಂಟ್ಲಿ,
ಭಾವ